ಎಣಿಸಿದ್ದು ಒಂದು, ಫಾರ್ಮಿನಲ್ಲಿ ಬರೆದದ್ದು ಇನ್ನೊಂದು

ಮಾನ್ಯ ಸಂಪಾದಕರೇ,

ಅಕ್ಟೋಬರ್ 10ರ ಮಾನಸಿಕ ಆರೋಗ್ಯ ದಿನಕ್ಕೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನಗಳನ್ನು ಓದಿದೆ. ಮನಸ್ಸಿಗೆ ಬೇಜಾರಾದರೆ ನಾಚಿಕೆ ಬಿಟ್ಟು ಆಸ್ಪತ್ರೆಗೆ ಹೋಗಿ ಎಂದು ಎಲ್ಲರೂ ಬರೆದಿದ್ದಾರೆ. ಸರಿ. ನಾನು ಹೋಗಿದ್ದೆ. ಮೂರು ಸಲ ಹೋಗಿ ಬಿಟ್ಟುಬಿಟ್ಟೆ. ಯಾಕೆ ಬಿಟ್ಟೆ ಎಂಬುದನ್ನು ಬರೆಯಬೇಕು ಅನ್ನಿಸಿತು. ಪತ್ರ ಉದ್ದವಾಗುತ್ತದೆ, ಕತ್ತರಿ ನಿಮ್ಮ ಕೈಯಲ್ಲಿದೆ.

ನಾನು ಅಂಕೋಲಾ ತಾಲೂಕಿನ ಒಂದು ಹಳ್ಳಿಯಲ್ಲಿ 34 ವರ್ಷ ಶಾಖಾ ಪೋಸ್ಟ್ ಮಾಸ್ತರ್ ಆಗಿದ್ದವನು. ಕಚೇರಿ ಎಂದರೆ ನಮ್ಮ ಮನೆಯ ಜಗಲಿಯ ಒಂದು ಮೂಲೆ. ಒಂದು ಮೇಜು, ಒಂದು ತಕ್ಕಡಿ, ಠಸ್ಸೆ, ಹೆಬ್ಬೆಟ್ಟಿಗೆ ಶಾಯಿಯ ಪ್ಯಾಡು. ಕಾಗದ ನೋಡಿದ್ದಕ್ಕಿಂತ ಜಾಸ್ತಿ ಬೇರೆಯವರ ಫಾರ್ಮ್ ತುಂಬಿದ್ದೇನೆ. ಮನಿ ಆರ್ಡರು, ಆರ್‌ಡಿ, ಪಿಂಚಣಿ, ಒಂದೊಂದು ಸಲ ಪೋಸ್ಟಿಗೆ ಸಂಬಂಧವೇ ಇಲ್ಲದ ರೇಷನ್ ಕಾರ್ಡಿನದ್ದೂ. ಫಾರ್ಮಿನ ಕನ್ನಡ ಬೇರೆ, ಜನರ ಬಾಯಿಯ ಕನ್ನಡ ಬೇರೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪಾಸ್‌ಬುಕ್ಕಿನ ಫಾರ್ಮಿನಲ್ಲಿ ‘ನಾಮನಿರ್ದೇಶನ’ ಎಂದು ಒಂದು ಸಾಲು ಇರುತ್ತದೆ. ಓದಿ ಹೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೊದಮೊದಲು ನಾನು ನೇರವಾಗಿ, ‘ನೀವು ಸತ್ತ ಮೇಲೆ ದುಡ್ಡು ಯಾರಿಗೆ?’ ಎಂದು ಕೇಳುತ್ತಿದ್ದೆ. ಹೆಂಗಸರು ಬೆಚ್ಚಿಬೀಳುತ್ತಿದ್ದರು. ಒಬ್ಬರಂತೂ ಖಾತೆಯೇ ಬೇಡ ಎಂದು ಎದ್ದು ಹೋದರು. ಆಮೇಲೆ ಉಪಾಯ ಮಾಡಿದೆ. ‘ನಿಮಗೆ ಬರೂಕೆ ಆಗದಿದ್ರೆ ದುಡ್ಡು ಯಾರು ತಕಂಡು ಹೋಗ್ಬೇಕು?’ ಎಂದು ಕೇಳತೊಡಗಿದೆ. ಎಲ್ಲರೂ ಪಟಪಟ ಹೆಸರು ಹೇಳಿದರು. ನನಗೆ ಖುಷಿಯೋ ಖುಷಿ. ಕೆಲವು ವರ್ಷಗಳ ನಂತರ ಒಬ್ಬ ಅಜ್ಜಿ ತೀರಿಕೊಂಡಾಗ ಪುಸ್ತಕ ತೆಗೆದು ನೋಡಿದರೆ, ನಾಮಿನಿ ಜಾಗದಲ್ಲಿ ಮಗಳ ಹೆಸರಿಲ್ಲ. ಸೈಕಲ್ ಇದ್ದ ಪಕ್ಕದ ಮನೆಯ ಹುಡುಗನ ಹೆಸರಿದೆ! ನಾನು ಕೇಳಿದ ಪ್ರಶ್ನೆಗೆ ಅಜ್ಜಿ ಸರಿಯಾದ ಉತ್ತರವನ್ನೇ ಕೊಟ್ಟಿದ್ದರು. ಆದರೆ ಫಾರ್ಮ್ ಕೇಳಿದ್ದು ಆ ಪ್ರಶ್ನೆಯನ್ನಲ್ಲ. ಆ ಮಗಳ ಎದುರು ನಿಂತ ದಿನ ನನಗೆ ಇನ್ನೂ ನೆನಪಿದೆ.

ಈಗ ನನ್ನದೇ ಕಥೆ. ಮೂರು ವರ್ಷಗಳ ಹಿಂದೆ ಹೆಂಡತಿ ತೀರಿಕೊಂಡಳು. ಆರು ತಿಂಗಳಾದ ಮೇಲೂ ನಿದ್ರೆ ಬರಲಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಕೊಂಕಣ ರೈಲಿನ ಶಬ್ದ ಕೇಳುತ್ತ ಕೂರುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಮಗ ಬೆಂಗಳೂರಿನಿಂದ ಬಂದು ಬಲವಂತದಿಂದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದ. ಯಾವ ಊರು, ಯಾವ ಆಸ್ಪತ್ರೆ ಎಂಬುದು ಬೇಡ. ಅಲ್ಲಿ ಮೊದಲು ಕೈಗೆ ಕೊಟ್ಟದ್ದು ಒಂದು ಫಾರ್ಮ್! ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದಲ್ಲಿ ಹೇಗಿತ್ತು ಎಂದು. ಜನ್ಮದಲ್ಲಿ ಸಾವಿರಾರು ಫಾರ್ಮ್ ತುಂಬಿದವನು ನಾನು, ಇದನ್ನೂ ಚೊಕ್ಕವಾಗಿ ತುಂಬಿದೆ. ಡಾಕ್ಟರು ಮಾತ್ರೆ ಬರೆದರು. ಆಪ್ತಸಮಾಲೋಚಕರ ಹತ್ತಿರ ವಾರಕ್ಕೊಮ್ಮೆ ಹೋಗಿ ಎಂದರು.

ಸಮಾಲೋಚಕಿ ನನ್ನ ಮಗಳ ವಯಸ್ಸಿನವರು. ಒಳ್ಳೆಯ ಹುಡುಗಿ. ನನ್ನ ಮಾತು ಮುಗಿಯುವ ತನಕ ಸುಮ್ಮನಿದ್ದು, ‘ನಿಮಗೇನು ಅನ್ನಿಸ್ತದೆ?’ ಎಂದು ಕೇಳುತ್ತಿದ್ದರು. ನಾನು ಕಾಯುತ್ತಿದ್ದೆ, ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು. ನಮ್ಮಲ್ಲಿ ಕಷ್ಟ ಹೇಳಿಕೊಂಡು ಯಾರ ಹತ್ತಿರ ಹೋದರೂ ಅವರು ಏನಾದರೂ ಒಂದು ಹೇಳಿ ಕಳಿಸುತ್ತಾರೆ, ಅಲ್ವಾ? ಪುರೋಹಿತರಾದರೆ ಶಾಂತಿ ಮಾಡಿಸಿ ಅಂತಾರೆ. ನಾಟಿ ವೈದ್ಯರಾದರೆ ಕಷಾಯ, ಜೊತೆಗೆ ಬದನೆ ಬೇಡ ಎಂಬ ಪಥ್ಯ. ದೇವರ ಪ್ರಸಾದ ಕೇಳಿದರೆ ಎಡವೋ ಬಲವೋ, ಒಂದು ಉತ್ತರ ಸಿಗುತ್ತದೆ. ಇಲ್ಲಿ ಮೂರು ವಾರ ನನ್ನ ಮಾತನ್ನೇ ನನಗೆ ವಾಪಸ್ ಕೊಟ್ಟರು. ಬಸ್ಸಿಗೆ ಹೋಗಿ ಬರಲು ಅರ್ಧ ದಿನ. ನಾಲ್ಕನೇ ವಾರ ಹೋಗಲಿಲ್ಲ. ‘ಸುಮ್ನೆ ಮಾತಾಡೂಕೆ ಅಷ್ಟು ದೂರ ಯಾಕೆ, ಜಗಲಿ ಮೇಲೆ ಕೂತ್ರೆ ಸಾಕು’ ಎಂದು ಮಗನಿಗೆ ಫೋನಿನಲ್ಲಿ ಹೇಳಿಬಿಟ್ಟೆ.

ಆ ಹುಡುಗಿಯ ತಪ್ಪು ಎಂದು ನಾನು ಹೇಳುವುದಿಲ್ಲ. ಅವರು ತಮ್ಮ ಕೆಲಸ ಸರಿಯಾಗಿಯೇ ಮಾಡುತ್ತಿದ್ದರು. ನಾನು ಏನು ಎಣಿಸಿಕೊಂಡು ಹೋಗಿದ್ದೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ. ಎರಡು ವಾರದ ನಿದ್ರೆ ಕೇಳಿದರು, ಹಸಿವು ಕೇಳಿದರು. ‘ಇಲ್ಲಿ ಏನಾಗ್ತದೆ ಅಂತ ಅಂದ್ಕೊಂಡು ಬಂದ್ರಿ?’ ಎಂದು ಮಾತ್ರ ಯಾರೂ ಕೇಳಲಿಲ್ಲ.

ಇದು ನನ್ನ ತಲೆಗೆ ಹೊಳೆದದ್ದಲ್ಲ. ತಂಗಿಯ ಮಗಳು ಧಾರವಾಡದಲ್ಲಿ ಮನಃಶಾಸ್ತ್ರ ಓದುತ್ತಾಳೆ. ರಜೆಗೆ ಬಂದಾಗ, ‘ಮಾವ, ನೀವು ಎಂತಕ್ಕೆ ಬಿಟ್ರಿ?’ ಎಂದು ಕೆದಕಿದಳು. ಹೇಳಿದೆ. ಅವಳು ನಗಲಿಲ್ಲ. ‘ಇದನ್ನೇ ಅಳೆಯೂಕೆ ಪ್ರಶ್ನಾವಳಿ ಅದೆ ಮಾವ’ ಎಂದಳು. ಮನೋಚಿಕಿತ್ಸೆ ಎಂದರೆ ಮಾತಿನ ಮೂಲಕ ಕೊಡುವ ಚಿಕಿತ್ಸೆ. ಅದಕ್ಕೆ ಬರುವ ಮೊದಲೇ ಜನ ಏನು ಎಣಿಸಿರುತ್ತಾರೆ ಎಂದು ಕೇಳುವ ಪ್ರಶ್ನೆಗಳಂತೆ. ಅಮೆರಿಕದ ಮಿಲ್ವಾಕಿ ಊರಿನ ಹೆಸರಿನ ಒಂದು ಪ್ರಶ್ನಾವಳಿ 2011ರಲ್ಲಿ ಪ್ರಕಟವಾಗಿದೆ. ಅದರಲ್ಲಿ 13 ಪ್ರಶ್ನೆಗಳು, ಎರಡು ಗುಂಪು. ಚಿಕಿತ್ಸೆ ನಡೆಯುವಾಗ ಏನಾಗುತ್ತದೆ ಎಂಬುದು ಒಂದು, ಮುಗಿದ ಮೇಲೆ ನಾನು ಹೇಗಿರುತ್ತೇನೆ ಎಂಬುದು ಇನ್ನೊಂದು. ಗುಣವಾಗುತ್ತದೆ ಎಂದು ಎಣಿಸಿ ಬಂದವರಿಗೆ ಗುಣ ಸ್ವಲ್ಪ ಜಾಸ್ತಿ ಕಾಣುತ್ತದೆ ಎಂದು 12 ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಸೇರಿಸಿ 2018ರಲ್ಲಿ ಲೆಕ್ಕ ಹಾಕಿದ್ದಾರೆ. ಸಂಬಂಧ ಸಣ್ಣದೇ. ಆದರೂ ಇದೆ.

ಇಂಥ ಪ್ರಶ್ನಾವಳಿಯನ್ನು ಟರ್ಕಿ ಭಾಷೆಯವರಿಗಾಗಿ ಹೊಂದಿಸಿದ್ದನ್ನು ಅವಳು ಓದುತ್ತಿದ್ದಳು. ಟರ್ಕಿಯವರದ್ದು ನಮಗೆ ಯಾಕೆ ಎಂದು ಕೇಳಿದೆ. ಅವಳು ಮೊಬೈಲಿನಲ್ಲಿ ಟರ್ಕಿ ಧಾರಾವಾಹಿ ನೋಡುವ ಹುಚ್ಚಿನವಳು, ಆ ಭಾಷೆಯ ಮಾತು ಅಲ್ಪಸ್ವಲ್ಪ ಹೇಳುತ್ತಾಳೆ. ಆದರೆ ಕಾರಣ ಅದಲ್ಲ. ಟರ್ಕಿ ಭಾಷೆಯ ಕಟ್ಟು ನಮ್ಮ ಕನ್ನಡದ ಹಾಗೇ ಅಂತೆ. ಪದಕ್ಕೆ ಪ್ರತ್ಯಯ ಅಂಟಿಸುತ್ತ ಹೋಗುವುದು, ಕ್ರಿಯಾಪದ ಕೊನೆಗೆ ಬರುವುದು. ನೀನು, ನೀವು ಎಂಬ ಭೇದವೂ ಇದೆ, ಸೆನ್ ಮತ್ತು ಸಿಜ್. ಇಂಗ್ಲಿಷಿನಿಂದ ತರುವಾಗ ಅವರು ಎಡವುವ ಕಲ್ಲುಗಳಿಗೆ ನಾವೂ ಎಡವುತ್ತೇವೆ.

ಮೊದಲ ಕಲ್ಲು ‘ನಿರೀಕ್ಷೆ’. ಟರ್ಕಿಯಲ್ಲಿ ಬೆಕ್ಲೆಮೆಕ್ ಎಂದರೆ ಕಾಯುವುದು ಎಂದೂ ಹೌದು, ನಿರೀಕ್ಷಿಸುವುದು ಎಂದೂ ಹೌದು. ಅದರಿಂದಲೇ ಬೆಕ್ಲೆಂತಿ, ನಿರೀಕ್ಷೆ. ನಮ್ಮದೂ ಹಾಗೇ ಅಲ್ವಾ? ನಿರೀಕ್ಷಣಾ ಕೊಠಡಿ ಎಂದರೆ ಕಾಯುವ ಕೋಣೆ. ‘ವೈದ್ಯರಿಂದ ಏನನ್ನು ನಿರೀಕ್ಷಿಸುತ್ತೀರಿ?’ ಎಂದರೆ ನಮ್ಮ ಕಡೆಯವರು, ‘ಬೇಗ ಒಳಗೆ ಕರೀಲಿ ಅಂತ’ ಎಂದಾರು. ಇನ್ನೂ ಒಂದು ತೊಡಕಿದೆ. ನಿರೀಕ್ಷೆ ಎಂದಕೂಡಲೇ ಜನ ತಮಗೆ ಬೇಕಾದದ್ದನ್ನು ಹೇಳುತ್ತಾರೆ. ಪ್ರಶ್ನಾವಳಿಗೆ ಬೇಕಾದದ್ದು ಆಸೆಯಲ್ಲ, ಅಂದಾಜು. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗಸ್ಟ್ ಮೊದಲ ದಿನ ಹೊರಡುವಾಗ ಬೋಟು ತುಂಬ ಬಂಗಡೆ ಸಿಗಲಿ ಎಂಬುದು ಆಸೆ. ಈ ಗಾಳಿ, ಈ ನೀರು ನೋಡಿದರೆ ಎಷ್ಟು ಬುಟ್ಟಿ ಆದೀತು ಎಂಬುದು ಅಂದಾಜು. ಬೋಟು ನಡೆಸುವ ತಾಂಡೇಲ ಇವೆರಡನ್ನು ಯಾವತ್ತೂ ಕಲಸುವುದಿಲ್ಲ. ಡೀಸೆಲ್ ಅಂದಾಜಿನ ಮೇಲೆ ಹಾಕುತ್ತಾನೆ, ಆಸೆಯ ಮೇಲಲ್ಲ.

ಆ ಮಿಲ್ವಾಕಿ ಪ್ರಶ್ನಾವಳಿಯನ್ನು ಅವಳು ಕನ್ನಡಕ್ಕೆ ತರುತ್ತಿದ್ದಾಳೆ. ಅದರ ಕರಡನ್ನು ಜಗಲಿಯ ಮೇಲೆ ಗಟ್ಟಿಯಾಗಿ ಓದಿದೆ. ಕೇಳಲು ಪಕ್ಕದ ಮನೆಯ ಅಕ್ಕನನ್ನು ಕರೆದೆವು. ಮೀನು ಮಾರುವವರು, ಓದು ಮೂರನೇ ಇಯತ್ತೆ, ಮಾತು ಮಾತ್ರ ವಕೀಲರನ್ನೂ ಮೀರಿಸುತ್ತದೆ. ‘ನನ್ನ ಕಷ್ಟ ಹೇಳಿಕೊಂಡಾಗ ಚಿಕಿತ್ಸಕರು ನನ್ನನ್ನು ಅರ್ಥ ಮಾಡಿಕೊಳ್ಳುತ್ತಾರೆ ಎಂದು ನಾನು ನಿರೀಕ್ಷಿಸುತ್ತೇನೆ’ ಎಂಬ ಸಾಲು. ‘ಮಾಡಿಕೊಳ್ಳುತ್ತಾರೆ’ ಎನ್ನುವಷ್ಟರಲ್ಲೇ ಅಕ್ಕ, ‘ಹೌದು, ಮತ್ತೆ! ಡಾಕ್ಟ್ರಲ್ವಾ’ ಎಂದುಬಿಟ್ಟರು. ಬಾಲದಲ್ಲಿದ್ದ ‘ನಿರೀಕ್ಷಿಸುತ್ತೇನೆ’ ಅವರ ಕಿವಿಗೆ ಬೀಳಲೇ ಇಲ್ಲ. ಇಂಗ್ಲಿಷಿನಲ್ಲಿ ಆ ಮಾತು ಮೊದಲೇ ಬರುತ್ತದೆ, ಆಮೇಲೆ ಉಳಿದದ್ದು. ನಮ್ಮಲ್ಲಿ, ಟರ್ಕಿಯಲ್ಲಿ, ಕೊನೆಗೆ. ಅಷ್ಟರೊಳಗೆ ಕೇಳುವವರು ಉತ್ತರ ಕೊಟ್ಟು ಎದ್ದಿರುತ್ತಾರೆ.

ಎರಡನೇ ಸಲ ನಿಧಾನವಾಗಿ ಓದಿದೆ. ಆಗ ಅಕ್ಕನಿಗೆ ಸಿಟ್ಟು ಬಂತು. ‘ಅಲ್ಲ ಪೋಸ್ಟ್ ಮಾಸ್ತರ್ರೆ, ಇನ್ನೂ ಡಾಕ್ಟ್ರ ಮೋರೆನೇ ನೋಡ್ಲಿಲ್ಲ. ಅವ್ರು ಕೇಳ್ತಾರೋ ಇಲ್ವೋ ನಂಗೆಂತ ಗೊತ್ತು?’

ತಂಗಿಯ ಮಗಳು ಪೆನ್ನು ಹಿಡಿದು ಹಾಗೇ ಕೂತಳು. ಅಕ್ಕ ಹೇಳಿದ್ದು ವ್ಯಾಕರಣದ ಮಾತು. ‘ಕೇಳುತ್ತಾರೆ’ ಎಂದರೆ ದಿನಾ ಕೇಳುತ್ತಾರೆ ಎಂದೂ ಆಗುತ್ತದೆ, ನಾಳೆ ಕೇಳುತ್ತಾರೆ ಎಂದೂ ಆಗುತ್ತದೆ. ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ ರೂಪ. ಟರ್ಕಿಯವರಿಗೆ ಈ ತಲೆಬಿಸಿ ಇಲ್ಲ. ಅವರಲ್ಲಿ ಮುಂದಿನ ಕಾಲಕ್ಕೆ ಬೇರೆಯೇ ಪ್ರತ್ಯಯವಿದೆ. ದಿನ್ಲೆಯೆಜೆಕ್ ಎಂದರೆ ‘ಮುಂದೆ ಕೇಳುತ್ತಾರೆ’ ಎಂದೇ ಅರ್ಥ. ನಮ್ಮಲ್ಲಿ ‘ಕೇಳಿಯಾರು’ ಎಂಬ ಚಂದದ ರೂಪ ಇದೆ, ಮಳೆ ಬಂದೀತು ಎಂದ ಹಾಗೆ. ಆದರೆ ಅದರಲ್ಲಿ ಅನುಮಾನ ಮೊದಲೇ ಸೇರಿಕೊಂಡಿದೆ. ‘ಕೇಳಿಯಾರು’ ಎಂದು ಬರೆದು ಹತ್ತಕ್ಕೆ ಎಷ್ಟು ಎಂದರೆ, ಅರ್ಧ ಅಂಕವನ್ನು ನಾವೇ ಕಡಿಮೆ ಮಾಡಿ ಕೊಟ್ಟ ಹಾಗೆ.

ಹತ್ತಕ್ಕೆ ಎಷ್ಟು ಎಂಬುದೇ ಮತ್ತೊಂದು ಪೇಚು. ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳಬೇಕು. ಅಕ್ಕ ಎಲ್ಲದಕ್ಕೂ ಹತ್ತು ಎಂದರು. ಯಾಕೆ ಎಂದರೆ, ‘ಡಾಕ್ಟ್ರಿಗೆ ಕಡ್ಮೆ ಮಾರ್ಕು ಕೊಡೂಕೆ ನಾನ್ಯಾರು?’ ಅಂಕಿ ಎಂದರೆ ನಮಗೆ ಶಾಲೆಯ ಪರೀಕ್ಷೆ. ಕೊನೆಗೆ ನಾನು ಹಳೇ ದಾರಿ ಹಿಡಿದೆ. ‘ರೂಪಾಯಿಗೆ ಎಷ್ಟಾಣೆ ನಂಬ್ಕೆ ಅದೆ?’ ಕೂಡಲೇ ಉತ್ತರ ಬಂತು. ‘ಎಂಟಾಣೆ. ಹನ್ನೆರಡಾಣೆ ಅಂದ್ರೆ ಸುಳ್ಳಾಗ್ತದೆ.’ ರೂಪಾಯಿಗೆ ಹದಿನಾರರಂತೆ ಇದ್ದ ಆಣೆ ಚಲಾವಣೆಯಿಂದ ಹೋಗಿ ಕಾಲವಾಯಿತು, ಲೆಕ್ಕ ಮಾತ್ರ ನಾಲಿಗೆಯ ಮೇಲೆ ಉಳಿದಿದೆ. ಆದರೆ ಇದು ಅರವತ್ತು ದಾಟಿದವರಿಗೆ ಸರಿ. ಕಾಲೇಜಿನ ಹುಡುಗರಿಗೆ ಎಂಟಾಣೆ ಎಂದರೆ ಮುಖ ನೋಡುತ್ತಾರೆ.

ಆ ದಿನದ ದೊಡ್ಡ ಲಾಭ ಒಂದೇ ಶಬ್ದ. ಅಕ್ಕ ಹೋಗುವಾಗ, ‘ಇಷ್ಟೆಲ್ಲಾ ಕೇಳ್ತೀರಿ ಅಂತ ನಾ ಎಣ್ಸಿರ್ಲೇ ಇಲ್ಲ’ ಎಂದರು. ತಂಗಿಯ ಮಗಳು ಹಾರಿದಳು. ಎಣಿಸುವುದು! ಆಸೆಯೂ ಅಲ್ಲ, ಕಾಯುವುದೂ ಅಲ್ಲ. ಹೀಗಾಗುತ್ತದೆ ಎಂದು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಮಾತು. ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಧಾರವಾಡದ ಗೆಳತಿಗೆ ಕಳಿಸಿದರೆ, ‘ಎಣಿಸೋದು ಅಂದ್ರ ರೊಕ್ಕ ಎಣಿಸೋದಲ್ಲೇನು?’ ಎಂದು ಉತ್ತರ ಬಂತಂತೆ. ಒಂದು ಘಟ್ಟ ಹತ್ತಿದರೆ ಶಬ್ದದ ಅರ್ಥವೇ ಬದಲು.

ಇನ್ನು ‘ಕ್ಲೈಂಟ್’ ಎಂಬುದಕ್ಕೆ ಕರಡಿನಲ್ಲಿ ಮೊದಲು ‘ಕಕ್ಷಿದಾರ’ ಎಂದಿತ್ತು. ಕೋರ್ಟಿಗೆ ಹೋದ ಹಾಗಾಯಿತು ಎಂದೆ. ‘ಗ್ರಾಹಕ’ ಎಂದಳು, ಕಿರಾಣಿ ಅಂಗಡಿಗೆ ಬಂದ ಹಾಗಾಯಿತು. ‘ರೋಗಿ’ ಎಂದರೆ ಹೆಂಡತಿ ಸತ್ತ ದುಃಖದಲ್ಲಿರುವವನು ರೋಗಿಯೇ? ಟರ್ಕಿಯಲ್ಲಿ ಇದಕ್ಕೆ ದಾನಿಶಾನ್ ಎನ್ನುತ್ತಾರಂತೆ, ಸಲಹೆ ಕೇಳಲು ಬಂದವರು ಎಂದು. ನಾವು ಆ ಶಬ್ದವನ್ನೇ ಕೈಬಿಟ್ಟು ‘ನಾನು’ ಎಂದು ಬರೆದೆವು.

ಕರಡು ಸಿದ್ಧವಾದರೆ ಕೆಲಸ ಮುಗಿಯಿತು ಎಂದು ನಾನು ಎಣಿಸಿದ್ದೆ. ಇಲ್ಲ, ಅದು ಶುರು ಅಷ್ಟೆ. ಮೂಲ ಬರೆದವರ ಅನುಮತಿ ಬೇಕು. ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರಬೇಕು, ಕೂತು ಒಂದು ಮಾಡಬೇಕು. ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ವಾಪಸ್ ಇಂಗ್ಲಿಷಿಗೆ ತಿರುಗಿಸಬೇಕು. ಇವಳ ‘ಸಹಾನುಭೂತಿ’ ಹಾಗೆ ಇಂಗ್ಲಿಷಿಗೆ ತಿರುಗಿ ಬಂದಾಗ ‘ಪಿಟಿ’, ಅಂದರೆ ಕನಿಕರ, ಆಗಿತ್ತಂತೆ. ನಮ್ಮ ಕಡೆಯವರಿಗೆ ಕನಿಕರ ತೋರಿಸಿದರೆ ಎದ್ದು ಹೋಗುತ್ತಾರೆ! ಆಮೇಲೆ 30-40 ಜನರಿಗೆ ಕೊಟ್ಟು, ಪ್ರತಿ ಸಾಲು ಏನು ತಿಳಿಯಿತು ಎಂದು ಕೇಳಬೇಕು. ನಮ್ಮ ಜಗಲಿಯಲ್ಲಿ ನಡೆದದ್ದು ಅದರ ಬಡ ತಮ್ಮ. ಆಮೇಲೆ ಇನ್ನೂ ಹೆಚ್ಚು ಜನರಿಂದ ತುಂಬಿಸಿ ಲೆಕ್ಕ ಹಾಕುತ್ತಾರೆ.

ಆ ಲೆಕ್ಕ ನನಗೆ ತಿಳಿದದ್ದು ಪೋಸ್ಟಿನ ಭಾಷೆಯಲ್ಲಿ. ಸಾರ್ಟಿಂಗ್ ಮಾಡುವ ಗೂಡು ಇರುತ್ತದಲ್ಲ. ಮೂಲ ಪ್ರಶ್ನಾವಳಿಯಲ್ಲಿ 13 ಕಾಗದಗಳು ಎರಡು ಗೂಡಿಗೆ ಹೋಗುತ್ತವೆ. ನಮ್ಮ ಜನರ ಉತ್ತರ ಸಾರ್ಟ್ ಮಾಡಿದಾಗಲೂ ಅವೇ ಕಾಗದ ಅವೇ ಗೂಡಿಗೆ ಬೀಳಬೇಕು. ಒಂದು ಕಾಗದ ಬೇರೆ ಗೂಡಿಗೆ ಬಿತ್ತು ಅಂದರೆ ವಿಳಾಸ ಬರೆಯುವಾಗಲೇ ತಪ್ಪಾಗಿದೆ. ಎರಡು ವಾರ ಬಿಟ್ಟು ಅದೇ ಜನರಿಂದ ಮತ್ತೆ ತುಂಬಿಸಿ, ಉತ್ತರ ನಿಲ್ಲುತ್ತದೋ ಅಲೆಯುತ್ತದೋ ಎಂದೂ ನೋಡುತ್ತಾರೆ. ನನ್ನ ನಾಮಿನಿ ಪ್ರಶ್ನೆಯನ್ನು ಯಾರಾದರೂ ಹೀಗೆ ಪರೀಕ್ಷೆ ಮಾಡಿದ್ದರೆ ಆ ಅಜ್ಜಿಯ ಮಗಳು ತಿಂಗಳುಗಟ್ಟಲೆ ಓಡಾಡಬೇಕಿರಲಿಲ್ಲ.

ಇಷ್ಟೆಲ್ಲ ಯಾಕೆ, ಇಂಗ್ಲಿಷಿನದ್ದನ್ನು ಮೊಬೈಲಿಗೆ ಹಾಕಿದರೆ ಕನ್ನಡ ಬರುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಬರುತ್ತದೆ. ಠಸ್ಸೆ ಬಿದ್ದ ಮೇಲೆ ಎಲ್ಲ ಫಾರ್ಮೂ ಸರಿಯಾಗಿಯೇ ಕಾಣುತ್ತದೆ.

2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ಚಿಕಿತ್ಸೆಯ ಮಾಹಿತಿಯನ್ನು ಆ ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿ, ತಿಳಿಯುವ ರೀತಿಯಲ್ಲಿ ಪಡೆಯುವ ಹಕ್ಕಿದೆ. ಅದೇ ಕಾಯ್ದೆಯಲ್ಲಿ ನಾಮಿನಿಯೂ ಇದ್ದಾನೆ, ನಾಮನಿರ್ದೇಶಿತ ಪ್ರತಿನಿಧಿ. ಇವನ ಕೆಲಸ ನಾವು ಸತ್ತ ಮೇಲಲ್ಲ, ಬದುಕಿರುವಾಗಲೇ. ನಮ್ಮಿಂದ ಆಗದಿದ್ದಾಗ ಜೊತೆಗೆ ನಿಲ್ಲುವವನು. ನನ್ನ ತಪ್ಪು ಪ್ರಶ್ನೆ ಇಲ್ಲಿಗಾದರೆ ಸರಿಹೊಂದುತ್ತಿತ್ತು!

ನಿಮ್ಹಾನ್ಸ್ 2015-16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ತೊಂದರೆ ಇರುವವರಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ಸಿಗುತ್ತಿಲ್ಲ. ಆ ಸಮೀಕ್ಷೆಯ 12 ರಾಜ್ಯಗಳಲ್ಲಿ ಕರ್ನಾಟಕ ಇಲ್ಲ ಎಂಬುದು ಬೇರೆ ಮಾತು. ಬಾಗಿಲ ತನಕವೂ ಬಾರದವರ ಬಗ್ಗೆ ಎಲ್ಲರೂ ಬರೆಯುತ್ತಾರೆ, ಬರೆಯಲಿ. ಬಾಗಿಲು ದಾಟಿ ಒಳಗೆ ಬಂದು, ಮೂರು ಸಲ ಕೂತು, ವಾಪಸ್ ಹೋದ ನನ್ನಂಥವರನ್ನೂ ಯಾರಾದರೂ ಲೆಕ್ಕಕ್ಕೆ ಹಿಡಿಯಬೇಕು.

ಜಿಲ್ಲೆಯ ಆಸ್ಪತ್ರೆಗಳಿಗೆ ನನ್ನ ಕೋರಿಕೆ ದೊಡ್ಡದಲ್ಲ. ಪರೀಕ್ಷೆ ಮಾಡಿದ ಕನ್ನಡ ಪ್ರಶ್ನಾವಳಿ ಬರುವ ತನಕ, ಮೊದಲ ದಿನ ಐದು ನಿಮಿಷ ಬಾಯಿಮಾತಿನಲ್ಲಾದರೂ ಕೇಳಿ, ಇಲ್ಲಿ ಏನಾಗ್ತದೆ ಅಂತ ಎಣಿಸಿ ಬಂದಿರಿ ಎಂದು. ಔಷಧಿ ಕೊಡ್ತಾರೆ ಅಂತಲಾ, ಬುದ್ಧಿ ಹೇಳ್ತಾರೆ ಅಂತಲಾ, ಎಷ್ಟು ಸಲ ಬರಬೇಕಾದೀತು ಅಂತ. ಅವರ ಎಣಿಕೆ ತಪ್ಪಾಗಿದ್ದರೆ, ನಮ್ಮ ಕೆಲಸ ಹೀಗೆ ನಡೆಯುತ್ತದೆ ಎಂದು ಹೇಳಿಬಿಡಿ. ನನಗೆ ಯಾರಾದರೂ ಅಷ್ಟು ಹೇಳಿದ್ದರೆ ನಾಲ್ಕನೇ ವಾರದ ಬಸ್ಸು ಹತ್ತುತ್ತಿದ್ದೆ.

ಈಗ ಮತ್ತೆ ಹೋಗುತ್ತಿದ್ದೇನೆ, ಎರಡು ತಿಂಗಳಾಯಿತು. ನಡುವೆ ಒಂದು ರಾತ್ರಿ 14416ಕ್ಕೆ ಫೋನ್ ಮಾಡಿದ್ದೆ, ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸೇವೆ. ಕನ್ನಡದಲ್ಲೇ ಮಾತಾಡಿದರು. ನಿದ್ರೆ ಪೂರ್ತಿ ಬಂದಿಲ್ಲ. ರೂಪಾಯಿಗೆ ಹತ್ತಾಣೆ ಅಡ್ಡಿಲ್ಲ.

ಓದುಗರಲ್ಲೂ ಒಂದು ಕೋರಿಕೆ. ‘ಹೀಗಾಗುತ್ತದೆ ಎಂದು ಎಣಿಸಿದ್ದೆ’ ಎಂಬುದನ್ನು ಹಳಿಯಾಳ, ಮುಂಡಗೋಡದ ಕಡೆ ಮನೆಯಲ್ಲಿ ಹೇಗೆ ಹೇಳುತ್ತಾರೆ? ಶಿರಸಿ, ಸಿದ್ದಾಪುರದ ಹವ್ಯಕರ ಮನೆಯಲ್ಲಿ? ಜೋಯಿಡಾದಲ್ಲಿ? ಕಾರವಾರದ ಕೊಂಕಣಿಯವರು, ಭಟ್ಕಳದ ನವಾಯತಿ ಮಾತಾಡುವವರು ಕನ್ನಡದಲ್ಲಿ ಹೇಳುವಾಗ ಯಾವ ಶಬ್ದ ಹಿಡಿಯುತ್ತಾರೆ? ತಂಗಿಯ ಮಗಳ ಕರಡಿನಲ್ಲಿ ಆ ಜಾಗ ಇನ್ನೂ ಖಾಲಿ ಇದೆ. ಈ ಪತ್ರಿಕೆಗೇ ಬರೆದು ತಿಳಿಸಿ. ಪೋಸ್ಟ್ ಕಾರ್ಡಿಗೆ ಈಗಲೂ 50 ಪೈಸೆಯೇ.

ಇತಿ,
ನಿವೃತ್ತ ಶಾಖಾ ಪೋಸ್ಟ್ ಮಾಸ್ತರ್,
ಅಂಕೋಲಾ ತಾಲೂಕು